ಟೈಟಾನಿಯಂ ಡೈಆಕ್ಸೈಡ್–ಗ್ರಾಫೀನ್ ಪದರ: ಕಾಯಿಸಿದ ಮೇಲೆ ಬೆಳ್ಳಗಾಗಿ ಬಿರುಕು ಬಿಡುತ್ತದೆ

ಪ್ರಶ್ನೆ:
ಪಿ25 ಎಂಬ ಟೈಟಾನಿಯಂ ಡೈಆಕ್ಸೈಡ್ ಪುಡಿಗೆ ತೂಕದಲ್ಲಿ 5% ಗ್ರಾಫೀನ್ ಆಕ್ಸೈಡ್ (ತೆಳು ಇಂಗಾಲದ ಹಾಳೆಯಾದ ಗ್ರಾಫೀನ್‌ಗೆ ಆಮ್ಲಜನಕ ಸೇರಿದ ರೂಪ) ಸೇರಿಸಿ, ನೀರು–ಎಥನಾಲ್‌ನಲ್ಲಿ 120 ಡಿಗ್ರಿಗೆ 3 ಗಂಟೆ ಹೈಡ್ರೋಥರ್ಮಲ್ (ಮುಚ್ಚಿದ ಪಾತ್ರೆಯಲ್ಲಿ ಒತ್ತಡದಲ್ಲಿ ಕಾಯಿಸುವುದು) ಮಾಡಿದ್ದೇನೆ. ಬಂದದ್ದು ಬೂದು ಪುಡಿ. ಈಥೈಲ್ ಸೆಲ್ಯುಲೋಸ್ (ಬೈಂಡರ್, ಅಂದರೆ ಅಂಟು), ಟರ್ಪಿನಿಯಾಲ್ (ದ್ರಾವಕ) ಬೆರೆಸಿ ಎಫ್‌ಟಿಒ (ವಿದ್ಯುತ್ ಹರಿಯುವ ಲೇಪವಿರುವ) ಗಾಜಿನ ಮೇಲೆ ಬಳಿದು 500 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿದರೆ ಪದರ ಬೆಳ್ಳಗಾಗುತ್ತದೆ, ಬಿರುಕೂ ಬೀಳುತ್ತದೆ. ಡೈ ಸೌರಕೋಶದಲ್ಲಿ (ಪದರಕ್ಕೆ ಅಂಟಿದ ಬಣ್ಣ, ಅಂದರೆ ಡೈ, ಬೆಳಕು ಹೀರಿ ಕರೆಂಟ್ ಕೊಡುವ ಕೋಶ) ಬರೀ ಪಿ25ಗಿಂತ ಹೆಚ್ಚು ಕರೆಂಟ್ ಇಲ್ಲ. ಆದರೆ ಅದೇ ಪುಡಿ ಬೆಳಕಿನಲ್ಲಿ ಮೆಥಿಲೀನ್ ಬ್ಲೂ ದ್ರಾವಣದ ಬಣ್ಣವನ್ನು ಬೇಗ ತೆಗೆಯುತ್ತದೆ. ಏಕೆ ಹೀಗೆ?

ಉತ್ತರ 1:
ಬೆಳ್ಳಗಾಯಿತು ಎಂದರೆ ಗ್ರಾಫೀನ್ ಸುಟ್ಟುಹೋಗಿದೆ. ಗಾಳಿಯಲ್ಲಿ 500 ಡಿಗ್ರಿಗೆ ಅದು ಉಳಿಯುವುದಿಲ್ಲ. ನೀವು ಅಳೆದದ್ದು ಪಿ25 ಕೋಶವನ್ನೇ. ನೈಟ್ರೋಜನ್‌ನಲ್ಲಿ ಕಾಯಿಸಿದರೆ ಬೈಂಡರ್ ಪೂರ್ತಿ ಹೋಗದೆ ಇದ್ದಿಲಾಗಿ ರಂಧ್ರಗಳಲ್ಲಿ ಕೂರುತ್ತದೆ, ಡೈ ಹಿಡಿಯುವುದಿಲ್ಲ. ಮೊದಲು ಪುಡಿಯನ್ನೂ ಬೈಂಡರನ್ನೂ ಬೇರೆಬೇರೆಯಾಗಿ ಗಾಳಿಯಲ್ಲಿ ಟಿಜಿಎ (ಕಾಯಿಸುತ್ತಾ ತೂಕ ಎಷ್ಟು ಇಳಿಯುತ್ತದೆ ಎಂದು ಅಳೆಯುವ ಪರೀಕ್ಷೆ) ಮಾಡಿ. ಬೈಂಡರ್ ಮುಗಿದು ಗ್ರಾಫೀನ್ ಇನ್ನೂ ಉರಿಯದ ತಾಪಮಾನ ಸಿಕ್ಕರೆ ಅಲ್ಲೇ ಹೆಚ್ಚು ಹೊತ್ತು ಹಿಡಿದಿಡಿ. ಸಿಗದಿದ್ದರೆ ಬೈಂಡರ್ ಇಲ್ಲದ ಪೇಸ್ಟೇ ದಾರಿ.

5% ಕೂಡ ಬಹಳ ಹೆಚ್ಚು. ಕಪ್ಪು ಹಾಳೆಗಳು ಡೈಗೆ ಸಿಗಬೇಕಾದ ಬೆಳಕನ್ನು ನುಂಗುತ್ತವೆ. ಹಾಳೆಗಳು ಎಲೆಕ್ಟ್ರೋಲೈಟ್‌ಗೆ (ಕೋಶದೊಳಗಿನ ದ್ರವ) ತಾಗಿದ ಕಡೆ ಎಲೆಕ್ಟ್ರಾನ್‌ಗಳು ಅದರಲ್ಲಿರುವ ಟ್ರೈಅಯೋಡೈಡ್‌ಗೆ ಸೋರುತ್ತವೆ. 0.5–1% ಇಂದ ಶುರು ಮಾಡಿ.

ಉತ್ತರ 2:
ಬಿರುಕು ಬೇರೆ ಸಮಸ್ಯೆ. ಒಂದೇ ಸಲಕ್ಕೆ ದಪ್ಪಗೆ ಬಳಿದು ಬೇಗ ಬಿಸಿ ಮಾಡಿದರೆ, ದ್ರಾವಕ ಹೋಗುವಾಗ ಪದರ ಕುಗ್ಗುತ್ತದೆ, ಗಾಜು ಕುಗ್ಗುವುದಿಲ್ಲ. ಒಂದು ಲೇಪ 4–5 ಮೈಕ್ರಾನ್ ಇರಲಿ. ಬಳಿದ ಮೇಲೆ ಕೆಲವು ನಿಮಿಷ ಮಟ್ಟವಾಗಲು ಬಿಟ್ಟು, 125 ಡಿಗ್ರಿಯಲ್ಲಿ ಒಣಗಿಸಿ, ನಂತರ ಮುಂದಿನ ಲೇಪ. ನಿಮಿಷಕ್ಕೆ 5 ಡಿಗ್ರಿಗಿಂತ ವೇಗ ಬೇಡ. ಟೈಟಾನಿಯಂ ಟೆಟ್ರಾಕ್ಲೋರೈಡ್ ಉಪಚಾರ (40 ಮಿಲಿಮೋಲಾರ್, 70 ಡಿಗ್ರಿ, 30 ನಿಮಿಷ) ಮಾಡುವುದಾದರೆ ಆಮೇಲಿನ ಕಾಯಿಸುವಿಕೆಯೂ ಉತ್ತರ 1ರಲ್ಲಿ ಹೇಳಿದ, ಗ್ರಾಫೀನ್ ಉರಿಯದ ಕಡಿಮೆ ತಾಪಮಾನದಲ್ಲೇ ಆಗಬೇಕು.

ಉತ್ತರ 3:
ಮೆಥಿಲೀನ್ ಬ್ಲೂ ಫಲಿತಾಂಶವನ್ನು ನಂಬುವ ಮೊದಲು ಕತ್ತಲಲ್ಲಿ ಕಲಕಿ ನೋಡಿ. ಅದು ಧನ ಅಯಾನು, ಗ್ರಾಫೀನ್ ಆಕ್ಸೈಡ್‌ನ ಮೈ ಋಣ. ಬಣ್ಣ ಅಂಟಿಕೊಂಡರೂ ದ್ರಾವಣ ತಿಳಿಯಾಗುತ್ತದೆ. 664 ನ್ಯಾನೋಮೀಟರ್‌ನಲ್ಲಿ (ಈ ಬಣ್ಣ ಹೆಚ್ಚು ಬೆಳಕು ಹೀರುವ ತರಂಗಾಂತರ) ಓದು ಸ್ಥಿರವಾಗುವ ತನಕ ಕಾದು, ಆ ಬೆಲೆಯನ್ನೇ ಆರಂಭದ ಸಾಂದ್ರತೆ ಎಂದು ಹಿಡಿಯಿರಿ. ಪುಡಿ ಇಲ್ಲದ ದ್ರಾವಣಕ್ಕೂ ಅದೇ ಬೆಳಕು ಕೊಡಿ. ಪ್ರತಿ ಮಾದರಿಯನ್ನೂ ಸೆಂಟ್ರಿಫ್ಯೂಜ್ ಮಾಡಿಯೇ ಅಳೆಯಿರಿ, ಇಲ್ಲದಿದ್ದರೆ ಕಣಗಳು ಬೆಳಕು ಚದುರಿಸುತ್ತವೆ.

ಗೋಚರ ಬೆಳಕಿನಲ್ಲಿ ಕೆಲಸ ಮಾಡುತ್ತದೆ ಎಂದು ಹೇಳಲು ಬಣ್ಣದ ಅಣುವೇ ಬೇಡ, ಅದು ತಾನೇ ಬೆಳಕು ಹೀರಿ ಟೈಟಾನಿಯಾಗೆ ಎಲೆಕ್ಟ್ರಾನ್ ಕೊಡಬಲ್ಲದು. ಅನಾಟೇಸ್‌ನ (ಟೈಟಾನಿಯಂ ಡೈಆಕ್ಸೈಡ್‌ನ ಒಂದು ಸ್ಫಟಿಕ ರೂಪ) ಶಕ್ತಿ ಅಂತರ 3.2 ಎಲೆಕ್ಟ್ರಾನ್ ವೋಲ್ಟ್, ಅಂದರೆ ಸುಮಾರು 387 ನ್ಯಾನೋಮೀಟರ್‌ಗಿಂತ ಉದ್ದದ ಬೆಳಕನ್ನು ಅದು ಹೀರುವುದಿಲ್ಲ. 420 ನ್ಯಾನೋಮೀಟರ್‌ಗಿಂತ ಕಡಿಮೆ ತರಂಗಾಂತರದ ಬೆಳಕನ್ನು ತಡೆಯುವ ಕಟ್‌ಆಫ್ ಫಿಲ್ಟರ್ ಹಾಕಿ, ಬಣ್ಣವಿಲ್ಲದ ಫೀನಾಲ್ ಬಳಸಿ, ಜೊತೆಗೆ ಒಟ್ಟು ಸಾವಯವ ಇಂಗಾಲವನ್ನೂ ಅಳೆಯಿರಿ.