ಲಿಥಿಯಂ ಬಿಟ್ಟು ಅಶ್ವಗಂಧ, ಉಪ್ಪಿಲ್ಲದ ಪಥ್ಯ: ಆಗುತ್ತದೆಯೇ?

ಪ್ರಶ್ನೆ: ತಮ್ಮನಿಗೆ ಬೈಪೋಲಾರ್ (ಉನ್ಮಾದ, ಖಿನ್ನತೆ ಎರಡೂ ಬಂದುಹೋಗುವ ಕಾಯಿಲೆ), ಜೊತೆಗೆ ಒಸಿಡಿ (ಗೀಳು ಕಾಯಿಲೆ). ಬೈಪೋಲಾರ್‌ಗೆ ಕೊಡುವ ಲಿಥಿಯಂ ಮಾತ್ರೆ ಕಡಿಮೆ ಮಾಡುತ್ತಾ ಅಶ್ವಗಂಧ, ಉಪ್ಪಿಲ್ಲದ ಪಥ್ಯ ಶುರು ಮಾಡೋಣ ಅಂತಾರೆ ಮನೆಯವರು. ಸರಿಯೇ?

ಉತ್ತರ 1: ಪಥ್ಯವೇ ಇಲ್ಲಿ ದೊಡ್ಡ ಅಪಾಯ. ಸೋಡಿಯಂ ಕಡಿಮೆಯಾದರೆ ಮೂತ್ರಪಿಂಡ ಲಿಥಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ, ರಕ್ತದಲ್ಲಿ ಅದರ ಮಟ್ಟ ಏರಿ ವಿಷವಾಗಬಹುದು. ಐಬುಪ್ರೊಫೆನ್ ಮಾತ್ರೆಯಿಂದಲೂ ಇದೇ ಕಥೆ. ವಾಂತಿ-ಭೇದಿ, ಜೋರು ಕೈನಡುಕ, ತೂರಾಡುವ ನಡಿಗೆ ಕಂಡರೆ ಮುಂದಿನ ಡೋಸ್ ಕೊಡದೆ ಕೂಡಲೇ ಆಸ್ಪತ್ರೆಗೆ ಹೋಗಿ. ಲಿಥಿಯಂ ಮಟ್ಟದ ಪರೀಕ್ಷೆಗೆ ರಕ್ತ ಕೊಡಬೇಕಾದ್ದು ಕೊನೆಯ ಡೋಸಿನ 12 ಗಂಟೆ ನಂತರ. ಸಾಮಾನ್ಯ ಗುರಿ ಲೀಟರಿಗೆ 0.6ರಿಂದ 0.8 ಮಿಲಿಮೋಲ್. ಬೆಳಗಿನ ಮಾತ್ರೆ ನುಂಗಿ ಹೋದರೆ ರಿಪೋರ್ಟ್ ಸುಳ್ಳು ಹೇಳುತ್ತದೆ.

ಉತ್ತರ 2: ಅಶ್ವಗಂಧ ಥೈರಾಯ್ಡ್ ಹಾರ್ಮೋನ್ ಏರಿಸಬಹುದು, ಲಿಥಿಯಂ ಅದನ್ನು ಇಳಿಸಬಹುದು, ಎರಡೂ ಸೇರಿದರೆ ಟಿಎಸ್‌ಎಚ್ (ಥೈರಾಯ್ಡ್ ರಕ್ತಪರೀಕ್ಷೆ) ರಿಪೋರ್ಟ್ ಗೋಜಲು. ಒಸಿಡಿಗೆ ಕೊಡುವ ಫ್ಲೂಯಾಕ್ಸೆಟಿನ್‌ನಂಥ ಮಾತ್ರೆಗಳು ಲಿಥಿಯಂ ರಕ್ಷಣೆಯಿಲ್ಲದೆ ಉನ್ಮಾದ ಕೆರಳಿಸಬಹುದು. ಒಸಿಡಿಗೆ ಮಾತ್ರೆಯಿಲ್ಲದ ದಾರಿ ಬೇಕಿದ್ದರೆ ಇಆರ್‌ಪಿ ಎಂಬ ಮನೋಚಿಕಿತ್ಸೆ ಕೇಳಿ: ಉದಾಹರಣೆಗೆ, ಚಿಲಕ ಒಮ್ಮೆ ಹಾಕಿ, ಮತ್ತೆ ನೋಡದೆ ಕಳವಳ ತಾಳಿಕೊಳ್ಳುವ ಅಭ್ಯಾಸ. ಮನೆಯವರು 'ಹಾಕಿದೆಯಪ್ಪಾ' ಅಂತ ಸಮಾಧಾನ ಹೇಳಿದರೆ ಅಭ್ಯಾಸ ಕೆಟ್ಟಿತು.

ಉತ್ತರ 3: ಯೋಗ ಮಾಡುವುದಾದರೆ ಲಿಥಿಯಂ ಜೊತೆಗಿರಲಿ, ಅದರ ಬದಲಿಗಲ್ಲ. ಲಿಥಿಯಂ ಥಟ್ಟನೆ ಬಿಟ್ಟರೆ ಉನ್ಮಾದ ಮರುಕಳಿಸುವ ಸಂಭವ ಹೆಚ್ಚು. ವೈದ್ಯರೇ ಬಿಡಿಸಿದರೂ ಕನಿಷ್ಠ 4 ವಾರ, ಸಾಧ್ಯವಾದರೆ 3 ತಿಂಗಳು ಹಿಡಿಯಬೇಕು. ನಿಮ್ಹಾನ್ಸ್‌ನಲ್ಲಿ ಯೋಗ, ಆಯುರ್ವೇದ ಎರಡೂ ಇವೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.