ರಾಗಿ ಸಂಶೋಧನೆಗೆ ಉಗಾಂಡಕ್ಕೆ ಹೋಗಬೇಕು, ಸೀಡ್ ಮನಿ ಅರ್ಜಿ ಹೇಗೆ ಬರೆಯಲಿ?

ಪ್ರಶ್ನೆ (ಸಹಾಯಕ ಪ್ರಾಧ್ಯಾಪಕಿ, ಮೈಸೂರು):
ನಮಸ್ಕಾರ ಸರ್. ಹೊರದೇಶದವರ ಜೊತೆ ಸೇರಿ ಸಂಶೋಧನೆ ಮಾಡುವ ಅಧ್ಯಾಪಕರಿಗೆ ನಮ್ಮ ವಿಶ್ವವಿದ್ಯಾನಿಲಯ 2 ಲಕ್ಷ ರೂಪಾಯಿವರೆಗೆ ಸೀಡ್ ಮನಿ (ಸಂಶೋಧನೆ ಶುರುಮಾಡಲು ಕೊಡುವ ಹಣ) ಕೊಡುತ್ತದೆ ಅಂತ ಸುತ್ತೋಲೆ ಬಂದಿದೆ. ನನ್ನದು ಸಮಾಜಶಾಸ್ತ್ರ. ಮಂಡ್ಯ ಕಡೆಯ ಹೆಣ್ಣುಮಕ್ಕಳು ರಾಗಿ ಬೀಜವನ್ನು ಹೇಗೆ ಉಳಿಸಿಕೊಂಡು ಬರುತ್ತಾರೆ ಅನ್ನೋದು ನನ್ನ ವಿಷಯ. ಉಗಾಂಡದಲ್ಲೂ ಇದನ್ನು ನೋಡಬೇಕು ಅಂತಿದ್ದೇನೆ. ಹೋದ ವರ್ಷ ಹಾಕಿದ ಅರ್ಜಿ ವಾಪಸ್ ಬಂತು. ‘ವಿದೇಶಕ್ಕೆ ಹೋಗುವ ಅಗತ್ಯ ಸ್ಪಷ್ಟವಾಗಿಲ್ಲ’ ಅಂತ ಒಂದೇ ಸಾಲು ಬರೆದಿದ್ದರು. ಅರ್ಜಿಯ ಮೊದಲ ಪುಟ ಇಲ್ಲಿ ಹಾಕಿದ್ದೇನೆ. ಎಲ್ಲಿ ಎಡವಿದೆ ಹೇಳ್ತೀರಾ?

ಉತ್ತರ (ವಿವಿಯೊಂದರ ಸಂಶೋಧನಾ ವಿಭಾಗದಲ್ಲಿದ್ದು ನಿವೃತ್ತರಾದವರು):
ಮೇಡಂ, ನಿಮ್ಮ ವಿಷಯ ತುಂಬಾ ಚೆನ್ನಾಗಿದೆ. ಉಗಾಂಡಕ್ಕೆ ಹೋಗುವ ಅಗತ್ಯವೂ ಇದೆ. ಆದರೆ ಆ ಪುಟದಲ್ಲಿ ಅದು ಕಾಣುತ್ತಿಲ್ಲ. ‘ಜಾಗತಿಕ ದೃಷ್ಟಿಕೋನ’, ‘ಜ್ಞಾನ ವಿನಿಮಯ’ ಅಂತ ಬರೆದಿದ್ದೀರಿ. ನಾನು ನೋಡಿದ ಅರ್ಜಿಗಳಲ್ಲಿ ಮುಕ್ಕಾಲು ಪಾಲು ಹೀಗೇ ಶುರುವಾಗುತ್ತಿದ್ದವು. ಸಮಿತಿಯವರು ಹುಡುಕುವುದು ಒಂದೇ ಮಾತು: ಮೈಸೂರಲ್ಲಿ ಕೂತು ಮಾಡಲಾಗದ ಯಾವ ಕೆಲಸ ಅಲ್ಲಿದೆ?

ಅದಕ್ಕೆ ಉತ್ತರ ನಿಮ್ಮ ಪಕ್ಕದ ಜಿಲ್ಲೆಯಲ್ಲೇ ಇದೆ. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು. ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ತಂದರು. ಇಂಡಿಯಾ, ಆಫ್ರಿಕಾ ಎರಡೂ ಆ ಹೆಸರಲ್ಲೇ ಇವೆ. ಇಂಡಾಫ್ ಬಂದ ಮೇಲೆ ಹೆಣ್ಣುಮಕ್ಕಳು ಮಡಕೆಯಲ್ಲಿ ಬೂದಿ ಬೆರೆಸಿ ಇಟ್ಟುಕೊಳ್ಳುತ್ತಿದ್ದ ನಾಟಿ ಬೀಜ ಏನಾಯಿತು? ಉಗಾಂಡದಲ್ಲಿ ರಾಗಿಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ತೊಳಸಿ ‘ಕಾಲೋ’ ಅಂತ ಮಾಡುತ್ತಾರೆ, ನಮ್ಮ ಮುದ್ದೆ ಥರಾನೇ. ಆ ಮನೆಗಳಲ್ಲಿ ಬೀಜ ಯಾರ ಕೈಯಲ್ಲಿದೆ? ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕಾದರೆ ಹೋಗಲೇಬೇಕು. ಇದು ನಿಮ್ಮ ಮೊದಲ ಪ್ಯಾರಾ ಆಗಲಿ.

ಇನ್ನು ದುಡ್ಡು. 2 ಲಕ್ಷದಲ್ಲಿ ಇಡೀ ಸಂಶೋಧನೆ ಮುಗಿಸುತ್ತೇನೆ ಅಂತ ಬರೆದರೆ ಯಾರೂ ನಂಬಲ್ಲ. ಸೀಡ್ ಮನಿ ಅಂದರೆ ಬಿತ್ತನೆಗೆ ಮಾತ್ರ. ಮೂರು ವಾರ ಅಲ್ಲಿರುತ್ತೇನೆ, ಇಂತಿಷ್ಟು ಮನೆಗಳಲ್ಲಿ ಮಾತಾಡುತ್ತೇನೆ, ವಾಪಸ್ ಬಂದು ಅಲ್ಲಿನವರ ಜೊತೆ ಸೇರಿ ಸಮಾಜವಿಜ್ಞಾನ ಸಂಶೋಧನೆಗೆ ಹಣ ಕೊಡುವ ಕೇಂದ್ರದ ಸಂಸ್ಥೆ ಐಸಿಎಸ್‌ಎಸ್‌ಆರ್‌ಗೆ ದೊಡ್ಡ ಅರ್ಜಿ ಹಾಕುತ್ತೇನೆ ಅಂತ ಬರೆಯಿರಿ. ಹೊರದೇಶದ ಸಂಸ್ಥೆಗಳ ಜೊತೆ ಸೇರಿ ಸಂಶೋಧನೆ ಮಾಡಲು ಸ್ಪಾರ್ಕ್ ಅಂತ ಕೇಂದ್ರದ ಯೋಜನೆಯೂ 2018ರಲ್ಲಿ ಶುರುವಾಯಿತು. ಅದನ್ನು ನೋಡಿಕೊಳ್ಳುವುದು ಖರಗ್‌ಪುರದ ಐಐಟಿ. ಅದರಲ್ಲಿ ಯಾವ ದೇಶಗಳ ಜೊತೆ ಸೇರಬಹುದು ಅನ್ನೋ ಪಟ್ಟಿ ಇರುತ್ತದೆ, ಬರೆಯಲು ಕೂರುವ ಮುಂಚೆ ಅದನ್ನು ನೋಡಿ.

ಅಲ್ಲಿಂದ ಒಬ್ಬರ ಒಪ್ಪಿಗೆ ಪತ್ರ ಖಂಡಿತ ಬೇಕು. ಸೆರೆರೆ ಅನ್ನೋ ಊರಲ್ಲಿ ಉಗಾಂಡ ಸರ್ಕಾರದ ಸಂಶೋಧನಾ ಸಂಸ್ಥೆ ಇದೆ, ರಾಗಿ ಮೇಲೂ ಕೆಲಸ ಮಾಡುತ್ತದೆ. ಅಲ್ಲಿಗೆ ಇವತ್ತೇ ಮೇಲ್ ಹಾಕಿ. ‘ನಿಮಗೆ ಸ್ವಾಗತ’ ಅನ್ನುವ ಪತ್ರ ಸಾಲದು. ಯಾವ ಹಳ್ಳಿಗೆ ಕರೆದುಕೊಂಡು ಹೋಗುತ್ತಾರೆ, ಮಾತು ತರ್ಜುಮೆ ಮಾಡಲು ಯಾರು ಬರುತ್ತಾರೆ, ಅದರಲ್ಲಿ ಬರಲಿ. ಆ ತರ್ಜುಮೆಯವರ ಕೂಲಿಯನ್ನೂ ಬಜೆಟ್‌ನಲ್ಲಿ ತೋರಿಸಿ. ಇದನ್ನು ಜಾಸ್ತಿ ಜನ ಮರೆಯುತ್ತಾರೆ.

ಇನ್ನೊಬ್ಬರು (ಸಸ್ಯಶಾಸ್ತ್ರ ಅಧ್ಯಾಪಕ, ಮಂಡ್ಯ):
ಸರ್, ಮೇಡಂ ಬರುವಾಗ ಅಲ್ಲಿನ ರಾಗಿ ಒಂದು ಹಿಡಿ ತಂದರೆ ನಮಗೂ ಉಪಯೋಗ ಆಗುತ್ತಲ್ವಾ?

ಉತ್ತರ:
ದಯವಿಟ್ಟು ಬೇಡ ಸರ್. ಸಂಶೋಧನೆಗೆ ಹೊರಗಿನ ಬೀಜ ತರಿಸುವುದು ದೆಹಲಿಯ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಸಂಸ್ಥೆ ಎನ್‌ಬಿಪಿಜಿಆರ್ ಮೂಲಕವೇ. ಬೀಜದ ಜೊತೆ ರೋಗ ಬಂದರೆ ನಮ್ಮ ರೈತರ ಹೊಲಕ್ಕೇ ಪೆಟ್ಟು. ಇಲ್ಲಿನ ಬೀಜ ಅಲ್ಲಿಗೆ ಕೊಡುವುದಕ್ಕೂ 2002ರ ಜೀವವೈವಿಧ್ಯ ಕಾಯ್ದೆ ಇದೆ. ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಬೇಕಾಗುತ್ತದೆ. ಮೇಡಂ, ‘ಬೀಜ ಸಾಗಿಸುವುದಿಲ್ಲ, ಮಾತುಕತೆ ಮತ್ತು ಫೋಟೋ ಮಾತ್ರ’ ಅಂತ ಅರ್ಜಿಯಲ್ಲೇ ಒಂದು ಸಾಲು ಹಾಕಿಬಿಡಿ. ಸಮಿತಿಗೆ ಒಂದು ಅನುಮಾನ ಕಮ್ಮಿಯಾಗುತ್ತದೆ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಸರ್. ಮಂಜೂರಾದರೆ ಹೊರಡುವ ಮುಂಚೆ ಏನೇನು ನೋಡಿಕೊಳ್ಳಬೇಕು?

ಉತ್ತರ:
ಓಓಡಿ (ಕರ್ತವ್ಯದ ಮೇಲೆ ಹೊರಗಿರುವ ಅನುಮತಿ) ಮತ್ತು ವಿದೇಶ ಪ್ರವಾಸದ ಅನುಮತಿ ಎರಡೂ ಲಿಖಿತವಾಗಿ ಕೈಗೆ ಬಂದ ಮೇಲೆ ಟಿಕೆಟ್ ಮಾಡಿಸಿ. ಯೆಲ್ಲೋ ಫೀವರ್ ಲಸಿಕೆ ಕಡ್ಡಾಯ. ಹಾಕಿಸಿದ 10 ದಿನದ ನಂತರವೇ ಆ ಕಾರ್ಡ್ ಊರ್ಜಿತ. ವಾಪಸ್ ಬರುವಾಗ ನಮ್ಮ ವಿಮಾನ ನಿಲ್ದಾಣದಲ್ಲೂ ಅದನ್ನು ಕೇಳುತ್ತಾರೆ, ಇಲ್ಲದಿದ್ದರೆ 6 ದಿನದವರೆಗೆ ಕ್ವಾರಂಟೈನ್ ಮಾಡಬಹುದು.

ಬೋರ್ಡಿಂಗ್ ಪಾಸ್ ಕೈಗೆ ಬಂದ ತಕ್ಷಣ ಫೋಟೋ ತೆಗೆದು, ಊರಿಗೆ ಬಂದ ದಿನವೇ ಜೆರಾಕ್ಸ್ ಮಾಡಿಸಿ. ಒಬ್ಬ ಮೇಷ್ಟ್ರು ಎಂಟು ತಿಂಗಳು ಬಿಟ್ಟು ಪ್ರಯಾಣದ ಬಿಲ್ ಜೊತೆ ಪಾಸ್ ತಂದಿದ್ದರು. ಪಾಸ್ ಬಿಳಿ ಚೀಟಿಯಾಗಿತ್ತು. ಬೆಳಕಿಗೆ ಹಿಡಿದರೆ ಸೀಟ್ ನಂಬರಿನ ಒಂದು ಅಂಕಿ ಮಾತ್ರ ಮಸುಕಾಗಿ ಕಾಣುತ್ತಿತ್ತು. ಆ ಕಾಗದವೇ ಅಂಥದ್ದು, ಶಾಖಕ್ಕೆ ಅಕ್ಷರ ಹಾರಿಹೋಗುತ್ತದೆ. ಅವರ ಯುಸಿ (ಹಣ ಬಳಕೆಯ ಪ್ರಮಾಣಪತ್ರ) ನಿಂತುಹೋಯಿತು, ಮುಂದಿನ ಅರ್ಜಿಯನ್ನೂ ತೆಗೆದುಕೊಳ್ಳಲಿಲ್ಲ. ಅವರ ಕೆಲಸ ಎಷ್ಟು ಒಳ್ಳೆಯದಿತ್ತು ಅಂತ ಈಗಲೂ ಬೇಜಾರಾಗುತ್ತದೆ.

ಹೊಸ ಮೊದಲ ಪ್ಯಾರಾ ಬರೆದು ಇಲ್ಲೇ ಹಾಕಿ ಮೇಡಂ, ಓದಿ ಹೇಳುತ್ತೇನೆ.