ಅರ್ಥ್‌ಸೀ, ಲಾರ್ಡ್ ಆಫ್ ದ ರಿಂಗ್ಸ್ ಚಿತ್ರ ಇರೋ ಸ್ಪೆಷಲ್ ಎಡಿಷನ್, ಯಾವ್ದು ತಗೊಳ್ಳೋದು?

ತುಂಗೆ_ದಡ:

ನಮಸ್ಕಾರ ಎಲ್ರಿಗೂ. ಕಾಲೇಜಲ್ಲಿದ್ದಾಗ ಚರ್ಚ್ ಸ್ಟ್ರೀಟಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದ ಟೋಲ್ಕಿನ್ ಅವ್ರ ಲಾರ್ಡ್ ಆಫ್ ದ ರಿಂಗ್ಸ್ ಪೇಪರ್‌ಬ್ಯಾಕ್ ಓದಿ ಓದಿ ಬೈಂಡಿಂಗ್ ಬಿಟ್ಕೊಂಡು ಈಗ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದೀನಿ. ಲೆ ಗ್ವಿನ್ ಅವ್ರ ಫ್ಯಾಂಟಸಿ ಸರಣಿ ಅರ್ಥ್‌ಸೀ ಮೊದಲ ಮೂರು ಭಾಗ ಇದೆ, ಮೂರೂ ಬೇರೆ ಬೇರೆ ಸೈಜು, ಒಂದರ ಕವರ್ ಮೇಲಂತೂ ಕಥಾನಾಯಕ ಗೆಡ್ ಯಾವ್ದೋ ಬಿಳಿ ರಾಜಕುಮಾರನ ಥರ ಇದಾನೆ. ಈ ಸಲ ಬೋನಸ್ ಬಂದಿದೆ, ಮನೇವ್ರು ವಾಷಿಂಗ್ ಮಷಿನ್ ಅಂತಿದಾರೆ ನಾನು ಪುಸ್ತಕ ಅಂತಿದೀನಿ (ಹಳೇ ಮಷಿನ್ ಇನ್ನೂ ತಿರುಗ್ತಾ ಇದೆ, ಸದ್ದು ಮಾಡುತ್ತೆ ಅಷ್ಟೆ).

ಬಜೆಟ್ 15 ಸಾವಿರದ ಒಳಗೆ. ಇನ್‌ಸ್ಟಾಗ್ರಾಮ್ ನೋಡಿದ್ರೆ ತಲೆ ಕೆಡುತ್ತೆ, ಅಂಚಿಗೆ ಬಣ್ಣ ಹೊಡೆದಿರೋದು, ಲೆದರ್ ಬೈಂಡು, ನಂಬರ್ ಹಾಕಿ ಸೈನ್ ಮಾಡಿರೋದು, ಬಾಕ್ಸ್ ಒಳಗೆ ಇನ್ನೊಂದು ಬಾಕ್ಸು. ನಂಗೆ ಬೇಕಿರೋದು ಓದೋಕೆ, ರಾತ್ರಿ ಕೂತು ಚಿತ್ರ ನೋಡೋಕೆ. ಮುಂದೆ ಮಾರೋ ಯೋಚನೆ ಏನಿಲ್ಲ. ಟೋಲ್ಕಿನ್‌ದು ಆಲನ್ ಲೀ ಚಿತ್ರದ ಎಡಿಷನ್ ತಗೊಳ್ಳೋದಾ, ಟೋಲ್ಕಿನ್ ತಾನೇ ಬರೆದ ಚಿತ್ರ ಇರೋದಾ, ಅಥವಾ ಇಂಗ್ಲೆಂಡಿನ ಪಬ್ಲಿಷರ್ ಫೋಲಿಯೋ ಸೊಸೈಟಿಯದಾ? ಅರ್ಥ್‌ಸೀಗೆ ಯಾವ್ದು? ಆಮೇಲೆ ಬಾಡಿಗೆ ಮನೆ, ಒಂದು ಗೋಡೆ ಮಳೆಗಾಲದಲ್ಲಿ ತೇವ ಆಗುತ್ತೆ, ಇಂಥವನ್ನೆಲ್ಲಾ ಎಲ್ಲಿಡೋದು ಅನ್ನೋದೂ ಹೇಳಿ.

ಹಳೇ_ಹಾಳೆ:

ಮೇಡಂ, ಓದೋಕೆ ಅಂತ ಹೇಳಿದ್ದೇ ಅರ್ಧ ಕೆಲಸ ಮುಗೀತು, ಅಂಚಿನ ಬಣ್ಣ ನಂಬರ್ ಎಲ್ಲಾ ಪಕ್ಕಕ್ಕಿಡಿ. ಚಿತ್ರ ಬರೆದೋರು ಯಾರು, ಹಾಳೆ ಹೆಂಗಿದೆ, ಹೊಲಿಗೆ ಇದೆಯಾ, ಇಷ್ಟು ನೋಡಿದ್ರೆ ಸಾಕು.

ಆಲನ್ ಲೀ ಎಡಿಷನ್ ಮೊದಲು ಬಂದಿದ್ದು 1991ರಲ್ಲಿ, ಟೋಲ್ಕಿನ್ ಹುಟ್ಟಿ ನೂರು ವರ್ಷ ಆಗೋ ಹೊತ್ತಿಗೆ ಅಂತ. ಒಂದೇ ವಾಲ್ಯೂಮು, 50 ವಾಟರ್‌ಕಲರ್. ಅವ್ರ ಚಿತ್ರದಲ್ಲಿ ಮನುಷ್ಯರು ಚಿಕ್ಕಚಿಕ್ಕದು, ಬೆಟ್ಟ ಮರ ಕಲ್ಲು ಮಂಜು ಇವೇ ದೊಡ್ಡದು, ಹಂಗಾಗಿ ಫ್ರೋಡೋ ಮುಖ ಹೀಗೇ ಅಂತ ನಮ್ ಮೇಲೆ ಹೇರಲ್ಲ. ಸಿನಿಮಾಗೂ ಅವ್ರನ್ನ, ಇನ್ನೊಬ್ರು ಕಲಾವಿದ ಜಾನ್ ಹೌ ಅವ್ರನ್ನ ಕರ್ಕೊಂಡ್ ಹೋಗಿ ಡಿಸೈನ್ ಮಾಡಿಸಿದ್ರಲ್ಲ, ಆದ್ರಿಂದ ಸಿನಿಮಾ ನೋಡಿದೋರಿಗೆ ಅರೆ ಇದು ಸಿನಿಮಾ ಥರಾನೇ ಇದೆ ಅನ್ಸುತ್ತೆ, ಅಸಲಿಗೆ ಸಿನಿಮಾ ಇದರ ಥರ ಇರೋದು. ಒಂದೇ ತೊಂದ್ರೆ ತೂಕ. ಒಂದೇ ವಾಲ್ಯೂಮಿಂದು ಮಲ್ಕೊಂಡು ಓದೋಕಾಗಲ್ಲ, ಮೂಗಿನ ಮೇಲೆ ಬಿದ್ರೆ ಆಸ್ಪತ್ರೆ. ಅದೇ ಚಿತ್ರಗಳು ಮೂರು ವಾಲ್ಯೂಮಲ್ಲೂ ಸಿಗುತ್ತೆ, ನಾನಾದ್ರೆ ಅದನ್ನೇ ತಗೊಳ್ಳೋದು.

2021ರಲ್ಲಿ ಬಂದಿರೋ ಟೋಲ್ಕಿನ್ ಚಿತ್ರಗಳ ಎಡಿಷನ್ ಬೇರೆ ರುಚಿ. ಅದು ಪ್ರತಿ ಅಧ್ಯಾಯಕ್ಕೂ ದೃಶ್ಯ ಬರೆದ ಹಾಗಲ್ಲ, ಬರೀತಾ ಬರೀತಾ ತನಗೋಸ್ಕರ ಹಾಕ್ಕೊಂಡ ಸ್ಕೆಚ್ಚು, ನಕ್ಷೆ, ಪೇಂಟಿಂಗು. ಅದರಲ್ಲಿ ನಂಗೆ ಇಷ್ಟ ಅಂದ್ರೆ ಮೋರಿಯಾ ಅನ್ನೋ ಕುಬ್ಜರ ಗಣಿಯಲ್ಲಿ ಮಾಂತ್ರಿಕ ಗ್ಯಾಂಡಾಲ್ಫ್‌ಗೆ ಸಿಗೋ ಮಜರ್ಬುಲ್ ಪುಸ್ತಕದ ಹಾಳೆಗಳು. ಟೋಲ್ಕಿನ್ ನಿಜವಾಗ್ಲೂ ಕಾಗದ ಸುಟ್ಟು, ಹರಿದು, ರಕ್ತದ ಕಲೆ ಥರ ಬಣ್ಣ ಹಚ್ಚಿ ತಯಾರು ಮಾಡಿದ್ರು, ಮೊದಲ ಮುದ್ರಣಕ್ಕೆ ಹಾಕಿ ಅಂತ ಆಸೆ ಪಟ್ರು, ಖರ್ಚು ಜಾಸ್ತಿ ಅಂತ ಪಬ್ಲಿಷರ್ ಬಿಟ್ಬಿಟ್ರು. ಟೋಲ್ಕಿನ್ ಅವ್ರ ಮೊದಲಿನ ಪುಸ್ತಕ ಹಾಬಿಟ್‌ದೂ ಅದೇ ಕತೆ, 1937ರ ಕವರ್ ಅವ್ರೇ ಬರೆದಿದ್ದು, ಸೂರ್ಯ ಮತ್ತೆ ಡ್ರ್ಯಾಗನ್ ಕೆಂಪಗಿರಬೇಕು ಅಂತಿದ್ರು, ಇನ್ನೊಂದು ಬಣ್ಣದ ಖರ್ಚು ಬೇಡ ಅಂತ ಕೆಂಪು ತೆಗೆದ್ರು. ಅದರಲ್ಲಿರೋ ಥ್ರೋರ್ ನಕ್ಷೆ ಮೇಲಿನ ಚಂದ್ರಾಕ್ಷರಗಳನ್ನ (ಕತೆಯಲ್ಲಿ ಬೆಳದಿಂಗಳಲ್ಲಷ್ಟೇ ಕಾಣೋ ಬರಹ) ಹಾಳೆ ಹಿಂದುಗಡೆ ಅಚ್ಚು ಹಾಕಿ, ಬೆಳಕಿಗೆ ಹಿಡಿದ್ರೆ ಮಾತ್ರ ಕಾಣೋ ಹಂಗೆ ಮಾಡಿ ಅಂತಾನೂ ಕೇಳಿದ್ರು, ಅದೂ ಆಗ್ಲಿಲ್ಲ. ಆಗ ದುಡ್ಡಿಲ್ಲ ಅಂತ ಬಿಟ್ಟಿದ್ದನ್ನೆಲ್ಲಾ ಈಗ ಸ್ಪೆಷಲ್ ಎಡಿಷನ್ ಅಂತ ನಮಗೆ ಮಾರ್ತಿದಾರೆ ಅನ್ನಿ 🙂

ಧಾರವಾಡದ_ಡ್ರ್ಯಾಗನ್:

ಅರ್ಥ್‌ಸೀ ವಿಷಯ ನಾ ಹೇಳ್ತೀನ್ರಿ ಅಕ್ಕಾರ. ಕಣ್ಣು ಮುಚ್ಚಿ ಚಾರ್ಲ್ಸ್ ವೆಸ್ ಚಿತ್ರ ಹಾಕಿದ್ದು ತಗೋರಿ, 2018ರದು, ಮೊದಲನೇ ಪುಸ್ತಕಕ್ಕ 50 ವರ್ಷ ಆತು ಅಂತ ತಂದಿದ್ದು. ಸಾವಿರ ಪುಟದ ಹತ್ರ ಐತಿ, ಎಲ್ಲಾ ಕಾದಂಬರಿ, ಸಣ್ಣ ಕತಿ, ಲೆ ಗ್ವಿನ್ ಅವರ ಒಂದು ಭಾಷಣ ಎಲ್ಲಾ ಒಂದರಾಗ. ನೀವು ಮೂರ ಓದೀರಿ ಅಂದ್ರ ನಾಕನೇ ಭಾಗ ತೆಹಾನು ಓದಿಲ್ಲ ಅಂತಾತು, ಅದು 1990ರಾಗ ಬಂದಿದ್ದು, ಮೂರನೇದ್ದಕ್ಕೂ ಅದಕ್ಕೂ ನಡುವ ಹದಿನೆಂಟು ವರ್ಷ. ನನಗ ಕೇಳಿದ್ರ ಸರಣಿಯೊಳಗ ಅದ ಛಲೋ, ಜಗಳಾಡವ್ರು ಆಡ್ಲಿ.

ನೀವು ಗೆಡ್ ಬೆಳ್ಳಗ ಅದಾನ ಅಂದ್ರಲ್ಲ, ಲೆ ಗ್ವಿನ್ ಅವರಿಗೂ ಅದ ಸಿಟ್ಟು ಇತ್ತರಿ. ಪುಸ್ತಕದಾಗ ಗೆಡ್ ಕೆಂಪು ಕಂದು ಬಣ್ಣದವ, ಅವನ ಗೆಳೆಯ ವೆಚ್ ಕಪ್ಪು, ಬೆಳ್ಳಗ ಇರಾವ್ರು ಕಾರ್ಗ್ ಮಂದಿ ಅಷ್ಟ. ಆದ್ರ ದಶಕಗಟ್ಟಲೆ ಕವರ್ ಮ್ಯಾಲ ಬೆಳ್ಳನ್ನ ಹುಡುಗನ್ನ ಹಾಕ್ಕೋತ ಬಂದ್ರು, 2004ರ ಟಿವಿ ಸೀರೀಸ್‌ನ್ಯಾಗೂ ಹಂಗ ಮಾಡಿದ್ರು, ಆಕಿ ಅದರ ಬಗ್ಗೆ ಬರದು ಬೈದಾರ. ಅದಕ್ಕ ಈ ಎಡಿಷನ್ ಮಾಡುವಾಗ ವೆಸ್ ಜೋಡಿ ನಾಕು ವರ್ಷ ಪತ್ರ ವ್ಯವಹಾರ ಮಾಡಿ ಡ್ರ್ಯಾಗನ್ ಹೆಂಗಿರಬೇಕು, ದೋಣಿ ಹೆಂಗಿರಬೇಕು, ಮಂದಿ ಹೆಂಗಿರಬೇಕು ಎಲ್ಲಾ ತಿದ್ದಿಸಿದ್ರು. ಪುಸ್ತಕ ಬರೂದ್ರಾಗ, ಅದ ವರ್ಷ ಜನವರಿಯೊಳಗ ತೀರಿಕೊಂಡ್ರು. ಮರುವರ್ಷ ಅದಕ್ಕ ಹ್ಯೂಗೋ ಪ್ರಶಸ್ತಿ ಬಂತು, ಬೆಸ್ಟ್ ಆರ್ಟ್ ಬುಕ್ ಅಂತ.

ಫೋಲಿಯೋದ ಅರ್ಥ್‌ಸೀನೂ ಐತಿ, ಡೇವಿಡ್ ಲಪ್ಟನ್ ಚಿತ್ರ, ಕತ್ತಲ ಕತ್ತಲ ಇರ್ತಾವ, ಅವೂ ಛಂದ. ಆದ್ರ ಒಂದೊಂದ ಭಾಗ ಬಿಡಿ ಬಿಡಿ ಕೊಳ್ಳಬೇಕು, ನಿಮ್ಮ ಬಜೆಟ್ ಮೊದಲನೇದಕ್ಕ ಅರ್ಧ ಹಾರಿ ಹೊಕ್ಕೈತಿ.

ಕುಡ್ಲ_ರೀಡರ್:

ತೇವದ ಗೋಡೆ ಅಂತ ಓದಿ ನನಗೆ ಹೆದರಿಕೆ ಆಯ್ತು ಮಾರಾಯ್ರೆ. ನಾವು ಮಂಗಳೂರಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಪುಸ್ತಕ ಉಳಿಸುವುದೇ ಒಂದು ಕೆಲಸ. ಮೊದಲಿಗೆ ಆ ಗೋಡೆಗೆ ಕಪಾಟು ತಾಗಿಸಿ ಇಡಬೇಡಿ, ಬೇರೆ ಗೋಡೆಗಾದ್ರೂ ನಾಲ್ಕು ಬೆರಳು ಜಾಗ ಬಿಡಿ, ಗಾಳಿ ಆಡಬೇಕು. ಸುಮಾರು ಜನ ಪ್ರೀತಿಯಿಂದ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಗಮ್ ಟೇಪ್ ಹಾಕಿ ಇಡ್ತಾರೆ, ಅದು ಬೇಡವೇ ಬೇಡ, ಒಳಗಿನ ತೇವ ಒಳಗೇ ಉಳಿದು ಬೂಷ್ಟು ಹಿಡೀತದೆ. ಗಾಜಿನ ಬಾಗಿಲಿನ ಕಪಾಟು, ಒಳಗೆ ಸಿಲಿಕಾ ಜೆಲ್, ಬಣ್ಣ ಬದಲಾಗುವ ಥರದ್ದು ತಗೊಳ್ಳಿ, ತೇವ ಕುಡಿದ ಮೇಲೆ ಬಿಸಿ ಮಾಡಿ ಪುನಃ ಬಳಸ್ಲಿಕ್ಕೆ ಆಗ್ತದೆ. ಬಿಸಿಲು ಬಂದ ದಿನ ಬಾಗಿಲು ತೆಗೆದು ಪುಸ್ತಕ ಸ್ವಲ್ಪ ಮಗುಚಿ ನೋಡುವುದು, ಆದ್ರೆ ನೇರ ಬಿಸಿಲಿಗೆ ಇಡಬಾರದು. ಬೆನ್ನು ಮಾಸ್ತದೆ, ಕೆಂಪು ಬಟ್ಟೆ ಬೈಂಡಿಂಗ್ ಎಲ್ಲಕ್ಕಿಂತ ಬೇಗ.

ಲೆದರ್ ಬೈಂಡಿಂಗ್ ನಮ್ಮ ಊರಿಗೆ ಹೇಳಿಸಿದ್ದಲ್ಲ. ಬಟ್ಟೆಯದ್ದು ಒಳ್ಳೆಯದು, ಆದ್ರೆ ಬಟ್ಟೆಗೆ ಹಾಕಿದ ಗಂಜಿ, ಅಂಟು ತಿನ್ಲಿಕ್ಕೆ ಬೆಳ್ಳಿ ಬಣ್ಣದ ಸಣ್ಣ ಹುಳ ಬರ್ತದೆ, ಅದಕ್ಕೆ ತಿಂಗಳಿಗೆ ಒಮ್ಮೆಯಾದ್ರೂ ಎಲ್ಲಾ ತೆಗೆದು ಒರೆಸಬೇಕು, ಬೇರೆ ಉಪಾಯ ಇಲ್ಲ. ಆಲನ್ ಲೀ ಪುಸ್ತಕದ ಹಾಗೆ ನಯ ಆರ್ಟ್ ಪೇಪರ್ ಇದ್ದರೆ ಇನ್ನೂ ಜಾಗ್ರತೆ, ನೀರು ತಾಗಿದ್ರೆ ಹಾಳೆಗೆ ಹಾಳೆ ಅಂಟಿ ಹೋಗ್ತದೆ, ಬಿಡಿಸ್ಲಿಕ್ಕೆ ಹೋದ್ರೆ ಚಿತ್ರವೇ ಕಿತ್ತು ಬರ್ತದೆ.

ಸುಮ್ನೆ_ಓದ್ತೀನಿ:

ಬೈಬೇಡಿ, ಆದ್ರೂ ಕೇಳ್ತೀನಿ. ಫ್ಯಾಂಟಸಿಗೆ ಚಿತ್ರ ಯಾಕ್ರೀ ಬೇಕು? ಮನಸ್ಸಲ್ಲಿ ನಾವೇ ಕಟ್ಕೊಂಡಿರೋ ಲೋಥ್‌ಲೋರಿಯನ್ ಕಾಡಿನ ಮುಂದೆ ಯಾವ ಪೇಂಟಿಂಗೂ ನಿಲ್ಲಲ್ಲ. 15 ಸಾವಿರಕ್ಕೆ ಎಷ್ಟು ಪೇಪರ್‌ಬ್ಯಾಕ್ ಬರುತ್ತೆ ಲೆಕ್ಕ ಹಾಕಿ.

ಹಳೇ_ಹಾಳೆ:

ನಿಮ್ಮ ಪಕ್ಷದಲ್ಲಿ ಸ್ವತಃ ಟೋಲ್ಕಿನ್ ಇದಾರೆ ಸರ್! ಕಿನ್ನರ ಕತೆಗಳ ಬಗ್ಗೆ ಬರೆದ ಪ್ರಬಂಧದಲ್ಲಿ ಅವ್ರು ಹೇಳೋದು ಇದನ್ನೇ, ಚಿತ್ರ ಎಷ್ಟೇ ಚೆನ್ನಾಗಿದ್ರೂ ಇಂಥ ಕತೆಗಳಿಗೆ ಅಷ್ಟೇನೂ ಉಪಕಾರ ಮಾಡಲ್ಲ ಅಂತ. ಹೇಳಿದ ಮನುಷ್ಯನೇ ಹಾಬಿಟ್‌ಗೆ ಕೂತು ಚಿತ್ರ ಬರೆದ್ರು, ತಮ್ಮ ಇನ್ನೊಂದು ಕತೆ ಫಾರ್ಮರ್ ಜೈಲ್ಸ್‌ಗೆ ಪೌಲಿನ್ ಬೇನ್ಸ್ ಬರೆದ ಚಿತ್ರ ನೋಡಿ ಖುಷಿ ಪಟ್ರು. ಆ ಬೇನ್ಸ್ ಅವ್ರೇ ಮುಂದೆ ನಾರ್ನಿಯಾಗೆ ಬರೆದಿದ್ದು. ಹಂಗಾಗಿ ಕೆಟ್ಟ ಚಿತ್ರ ಇರೋ ಎಡಿಷನ್‌ಗಿಂತ ಚಿತ್ರ ಇಲ್ದಿರೋದು ಮೇಲು ಅಂದ್ರೆ ಒಪ್ತೀನಿ, ಅದಕ್ಕಿಂತ ಜಾಸ್ತಿ ಒಪ್ಪಲ್ಲ. ನಾವೆಲ್ಲಾ ಚಂದಮಾಮ ನೋಡ್ಕೊಂಡು ಬೆಳೆದೋರು. ಎಂ.ಟಿ.ವಿ. ಆಚಾರ್ಯರ ಮಹಾಭಾರತದ ಕವರ್‌ಗಳು, ಶಂಕರ್ ಅವ್ರ ಬೇತಾಳ ಹೆಗಲ ಮೇಲೆ ನೇತಾಡೋದು, ಅದನ್ನ ನೋಡಿ ನಮ್ಮ ಕಲ್ಪನೆ ಏನ್ ಕಮ್ಮಿ ಆಯ್ತಾ? ರಾತ್ರಿ ಬಚ್ಚಲಿಗೆ ಒಬ್ರೇ ಹೋಗೋಕೆ ಹೆದರ್ತಿದ್ವಿ ಅಷ್ಟೆ.

ತುಂಗೆ_ದಡ:

ಎಲ್ರಿಗೂ ಥ್ಯಾಂಕ್ಸ್, ಇಷ್ಟು ಬರುತ್ತೆ ಅಂದ್ಕೊಂಡಿರ್ಲಿಲ್ಲ. ಅರ್ಥ್‌ಸೀ ಡಿಸೈಡ್ ಆಯ್ತು, ತೆಹಾನು ಓದಿಲ್ಲ ಅನ್ನೋದು ಸರಿಯಾಗೇ ಹಿಡಿದ್ರಿ. ಇನ್ನೆರಡು ಪ್ರಶ್ನೆ. ಫೋಲಿಯೋ ಲಾರ್ಡ್ ಆಫ್ ದ ರಿಂಗ್ಸ್ ಬಗ್ಗೆ ಯಾರೂ ಹೇಳಲೇ ಇಲ್ಲ. ಅಕ್ಕನ ಮಗ ಈಗ ಹ್ಯಾರಿ ಪಾಟರ್ ಶುರು ಮಾಡಿದಾನೆ, ಅವನಿಗೆ ಜಿಮ್ ಕೇ ಚಿತ್ರದ ಸೆಟ್ ಪೂರ್ತಿ ಕೊಡ್ಸೋಣ ಅಂತ (ಬೇರೆ ಬಜೆಟ್ಟು, ಅಕ್ಕಂದು), ಹೆಂಗಿದೆ?

ಲೀಡ್ಸ್_ಕನ್ನಡಿಗ:

ಜಿಮ್ ಕೇ ಸೆಟ್ ಪೂರ್ತಿ ಸಿಗಲ್ಲ, ಯಾಕಂದ್ರೆ ಪೂರ್ತಿ ಆಗ್ಲೇ ಇಲ್ಲ. 2015, 2016, 2017 ವರ್ಷಕ್ಕೊಂದು ಬಂತು, ನಾಲ್ಕನೇದು 2019, ಐದನೇದು 2022, ಅದರಲ್ಲೂ ನೀಲ್ ಪ್ಯಾಕರ್ ಅನ್ನೋ ಇನ್ನೊಬ್ರು ಕಲಾವಿದ್ರು ಜೊತೆ ಸೇರ್ಕೊಂಡ್ರು, ಆಮೇಲೆ ಕೇ ನಿಲ್ಲಿಸಿಬಿಟ್ರು. ಅಷ್ಟು ದಪ್ಪ ಪುಸ್ತಕಕ್ಕೆ ಪುಟಪುಟಕ್ಕೂ ಒಬ್ರೇ ಕೈಯಲ್ಲಿ ಬರೀಬೇಕು ಅಂದ್ರೆ ಯಾರಿಗಾದ್ರೂ ಕಷ್ಟಾನೇ. ಮಿನಾಲಿಮಾ ಎಡಿಷನ್, ಅದೇ ಸಿನಿಮಾದ ಗ್ರಾಫಿಕ್ಸ್ ಮಾಡಿದೋರದು, ಎಳೆದ್ರೆ ತೆರೆಯೋ ಕಾಗದದ ಆಟ ಎಲ್ಲಾ ಇರುತ್ತೆ, ಅದೂ 2020, 2021, 2023ರಲ್ಲಿ ಮೊದಲ ಮೂರು ಪುಸ್ತಕಕ್ಕೆ ಬಂತು. ಸರಣಿ ಎಡಿಷನ್ ಶುರು ಮಾಡೋವಾಗ ಈ ರಿಸ್ಕ್ ಯಾವಾಗ್ಲೂ ಇದ್ದೇ ಇರುತ್ತೆ, ಏಳೂ ಒಂದೇ ಥರ ಬೇಕು ಅನ್ನೋ ಹಠ ಇರೋರು ಕೈ ಹಾಕ್ಬಾರ್ದು. ಆದ್ರೆ ಹುಡುಗನಿಗೆ ಕೇ ಮೊದಲನೇ ಪುಸ್ತಕ ಒಂದು ಖಂಡಿತ ಕೊಡ್ಸಿ, ಮಾಂತ್ರಿಕರ ಅಂಗಡಿ ಬೀದಿ ಡಯಗನ್ ಆಲಿ ಪುಟ ತೆಗೆದ್ರೆ ಮುಂದಕ್ಕೆ ಹೋಗೋಕೆ ಮನಸ್ಸೇ ಬರಲ್ಲ.

ಫೋಲಿಯೋ ಲಾರ್ಡ್ ಆಫ್ ದ ರಿಂಗ್ಸ್, 1977ರದ್ದು. ಇದರ ಚಿತ್ರದ ಹಿಂದೆ ಮಜಾ ಇದೆ. ಕಲಾವಿದೆ ಹೆಸರು ಇಂಗಾಹಿಲ್ಡ್ ಗ್ರಾತ್‌ಮರ್ ಅಂತ ಇರುತ್ತೆ, ಅದು ಡೆನ್ಮಾರ್ಕಿನ ರಾಣಿ ಮಾರ್ಗ್ರೇಥೆ ಇಟ್ಕೊಂಡ ಸುಳ್ಳು ಹೆಸರು. ರಾಣಿ ಆಗೋಕೂ ಮುಂಚೆ ಪುಸ್ತಕ ಓದಿ ಹುಚ್ಚು ಹಿಡಿದು ಚಿತ್ರ ಬರೆದು ಟೋಲ್ಕಿನ್‌ಗೇ ಕಳಿಸಿದ್ರು. ಫೋಲಿಯೋಗೆ ಎರಿಕ್ ಫ್ರೇಸರ್ ಅದನ್ನೆಲ್ಲಾ ಮತ್ತೆ ಬರೆದುಕೊಟ್ರು, ಕಪ್ಪು ಬಿಳುಪು, ಮರದಚ್ಚು ಥರ ಕಾಣುತ್ತೆ. ಆಲನ್ ಲೀ ನೋಡಿ ಬಂದೋರಿಗೆ ಮೊದಲು ಒಣಕಲು ಅನ್ಸುತ್ತೆ, ಅಧ್ಯಾಯದ ತಲೆಯಲ್ಲಿ ಚಿಕ್ಕದಾಗಿ ಕೂತಿರುತ್ತೆ, ಓದೋಕೆ ಅಡ್ಡ ಬರಲ್ಲ. ನಂಗೆ ವೈಯಕ್ತಿಕವಾಗಿ ಇದೇ ಇಷ್ಟ.

ಹೊಸದು ತಗೋಬೇಡಿ. ಫೋಲಿಯೋ 1947ರಿಂದ ಇದೆ, ಮುಂಚೆ ಮೆಂಬರ್ ಆದೋರು ವರ್ಷಕ್ಕೆ ಇಂತಿಷ್ಟು ಪುಸ್ತಕ ಕೊಳ್ಳಲೇಬೇಕು ಅನ್ನೋ ಪದ್ಧತಿ ಇತ್ತು, ಹಂಗಾಗಿ ಇಲ್ಲಿ ಎಷ್ಟೋ ಮನೆಯಲ್ಲಿ ಒಂದ್ಸಲಾನೂ ತೆಗೀದಿರೋ ಫೋಲಿಯೋ ಸಾಲಾಗಿ ಇರುತ್ತೆ. ಅಜ್ಜ ಅಜ್ಜಿ ಹೋದ್ಮೇಲೆ ಎಲ್ಲಾ ಚಾರಿಟಿ ಅಂಗಡಿಗೆ ಬರುತ್ತೆ. 1977ರ ಡಿಸೈನ್ ಎಷ್ಟೋ ಸಲ ರೀಪ್ರಿಂಟ್ ಆಗಿದೆ, ಮೊದಲ ಮುದ್ರಣಾನೇ ಬೇಕು ಅಂತ ಇಲ್ದಿದ್ರೆ ಸ್ಲಿಪ್‌ಕೇಸ್ (ಪುಸ್ತಕ ತೂರಿಸಿಡೋ ರಟ್ಟಿನ ಡಬ್ಬಿ) ಸಮೇತ ಹೊಸದರ ಅರ್ಧಕ್ಕಿಂತ ಕಮ್ಮಿಗೆ ಹುಡುಕಬಹುದು. ಬೆನ್ನಿನ ಫೋಟೋ, ಸ್ಲಿಪ್‌ಕೇಸ್ ಮೂಲೆ ಫೋಟೋ, ಒಳಗೆ ಕಂದು ಚುಕ್ಕೆ ಇದೆಯಾ, ಇಷ್ಟು ಕೇಳದೆ ದುಡ್ಡು ಹಾಕ್ಬೇಡಿ.

ಇಂಡಿಯಾಗೆ ಕೊರಿಯರ್ ಮಾಡಿಸಿದ್ರೆ ಪೋಸ್ಟೇಜೇ ಪುಸ್ತಕದಷ್ಟಾಗುತ್ತೆ, ಮೂರು ವಾಲ್ಯೂಮ್ ತೂಕ ಜಾಸ್ತಿ. ಮೇಲೆ 2019ರ ಬಜೆಟ್‌ನಲ್ಲಿ ಆಮದು ಪುಸ್ತಕಕ್ಕೆ 5% ಕಸ್ಟಮ್ಸ್ ಡ್ಯೂಟಿ ಹಾಕಿದ್ರು, ಅದು ದೊಡ್ಡದಲ್ಲ, ಕೊರಿಯರ್‌ನೋರು ಅದನ್ನ ಕಟ್ಟಿದ್ದಕ್ಕೆ ಅಂತ ಹಾಕೋ ಚಾರ್ಜೇ ಉರಿಯೋದು. ಯಾರಾದ್ರೂ ಊರಿಗೆ ಬರೋರ ಸೂಟ್‌ಕೇಸೇ ಬೆಸ್ಟು.

ಧಾರವಾಡದ_ಡ್ರ್ಯಾಗನ್:

ಹೊಲಿಗೆ ನೋಡೂದು ಹೆಂಗ ಅಂತ ಯಾರೂ ಹೇಳ್ಲಿಲ್ಲಲ್ರಿ. ಪುಸ್ತಕದ ತಲೆ ಕಡೆಯಿಂದ, ಬೆನ್ನಿನ ಹತ್ರ ನೋಡ್ರಿ, ಹಾಳಿ ಸಣ್ಣ ಸಣ್ಣ ಕಟ್ಟಾಗಿ ಮಡಚಿ ಕುಂತಿದ್ರ ಹೊಲಿಗಿ, ಎಲ್ಲಾ ಒಂದ ಸಪಾಟ ಕೊಯ್ದಂಗ ಇದ್ರ ಬರೇ ಗಮ್. ಚಂದಾ ತಗೊಂಡು ಬಾಕ್ಸಿನ್ಯಾಗ ಪುಸ್ತಕ ಕಳಸೋ ಕಂಪನಿಗಳು ಅಂಚಿಗೆ ಬಣ್ಣ ಹೊಡದು, ಕವರಿಗೆ ಬಂಗಾರದ ಗೀರು ಹಾಕಿ, ಒಳಗ ಗಮ್ ಬೈಂಡಿಂಗ್ ಇಟ್ಟು ಮಾರೂದು ನೋಡೀನಿ. ಎರಡ ಸಲ ಓದಿದ್ರ ನಿಮ್ಮ ರಬ್ಬರ್ ಬ್ಯಾಂಡಿನ ಪುಸ್ತಕದ ತಂಗಿ ಆಗ್ತೈತಿ.

ಅಚ್ಚಿಂದೂ ನೋಡ್ಬೇಕ್ರಿ. 1865ರಾಗ ಆಲಿಸ್ ಪುಸ್ತಕದ ಮೊದಲ ಎರಡು ಸಾವಿರ ಪ್ರತಿ ಅಚ್ಚಾದ್ವು, ಚಿತ್ರಕಾರ ಟೆನಿಯಲ್ ನೋಡಿ ಅಚ್ಚು ಸರಿ ಬಂದಿಲ್ಲ ಅಂದ, ಲೇಖಕ ಕ್ಯಾರಲ್ ಎಲ್ಲಾ ವಾಪಸ್ ತಗೊಂಡು ಹೊಸದಾಗಿ ಅಚ್ಚು ಹಾಕಿಸಿದ. ಈಗ ಅಂಥಾ ಮಂದಿ ಎಲ್ಲಿ, ನಾವ ನೋಡ್ಕೋಬೇಕು. ಸಿಕ್ರ ಅಂಗಡಿಯಾಗ ಕೈಯಾಗ ಹಿಡದ ತಗೋರಿ.

ತುಂಗೆ_ದಡ:

ಸರಿ, ವೆಸ್ ಅರ್ಥ್‌ಸೀ ಈ ವಾರಾನೇ. ಅಂಗಡಿಗೆ ಫೋನ್ ಮಾಡಿ ಕೇಳ್ದೆ, ತರಿಸಿಕೊಡ್ತೀವಿ ಅಂದ್ರು. ಆಲನ್ ಲೀ ಮೂರು ವಾಲ್ಯೂಮಾ ಫೋಲಿಯೋ ಹಳೇದಾ ಅಂತ ಇನ್ನೂ ಒದ್ದಾಡ್ತಿದೀನಿ, ಆ ರಾಣಿ ಕತೆ ಕೇಳಿದ್ಮೇಲೆ ಫೋಲಿಯೋ ಕಡೆ ವಾಲ್ತಿದೆ. ಲೀಡ್ಸ್ ಅಣ್ಣ, ನೀವು ಡಿಸೆಂಬರಲ್ಲಿ ಬರ್ತೀರಾ?

ಲೀಡ್ಸ್_ಕನ್ನಡಿಗ:

ಬರ್ತೀನಿ, ಆದ್ರೆ ಅಮ್ಮನ ಲಿಸ್ಟ್ ಆಗ್ಲೇ ಎಂಟು ಕೆಜಿ ಇದೆ. ಒಂದು ಸೆಟ್ ಹಿಡಿಸಬಹುದು. ಬೆನ್ನು ಸ್ವಲ್ಪ ಮಾಸಿದ್ರೆ ಪರ್ವಾಗಿಲ್ವಾ ಹೇಳಿ, ಪರ್ವಾಗಿಲ್ಲ ಅಂದ್ರೆ ರೇಟ್ ಇನ್ನೂ ಇಳಿಯುತ್ತೆ, ಫೋಟೋ ಕಳಿಸ್ತೀನಿ.